ದೋನ್ ಎಲಾದಿಯೊ ತಂದ ಬಾಟಲಿ

ಚಳಿಗಾಲದ ಆ ಜ್ವರ ಬಿಟ್ಟಮೇಲೆ ಅಮಾರೊನ ಮೂಗಿಗೆ ಯಾವ ವಾಸನೆಯೂ ಹತ್ತುತ್ತಿರಲಿಲ್ಲ. ಕಂಬಾದೋಸ್ ಎಂಬ ಆ ಕಡಲೂರಿನಲ್ಲಿ ಇದು ಗೊತ್ತಿದ್ದದ್ದು ಅವನ ಹೆಂಡತಿ ಉಶಿಯಾಳಿಗೆ ಮಾತ್ರ. ಯಾವ ಮೀನಿಗೆ ಯಾವ ವೈನ್ ಎಂದು ಹೇಳಿಯೇ ಬದುಕಿದವನು. ಬೇರೆ ಕೆಲಸ ಬರುತ್ತಿರಲಿಲ್ಲ. ಇವತ್ತು ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದ ಹೋಟೆಲ್ ಮಾಲೀಕ ದೋನ್ ಎಲಾದಿಯೊ ಮೆಚ್ಚಿದರೆ, ಅವರ ವೈನ್ ಕೋಣೆಯ ಹೊಣೆ ಅಮಾರೊನದಾಗುತ್ತಿತ್ತು.

ಉಶಿಯಾ ಬಾಟಲಿಗಳನ್ನೆಲ್ಲ ಅಡುಗೆಮನೆಯಲ್ಲೇ ತೆರೆದು, ಮೂಸಿ, ಕೆಡದಿದ್ದವನ್ನಷ್ಟೇ ಅವನ ಕೈಗೆ ಕೊಡುತ್ತಿದ್ದಳು. ಉಳಿದದ್ದು ಅವನ ನೆನಪಿನ ಕೆಲಸ. ಹಸಿ ಸಿಂಪಿಗೆ ಅಲ್ಬಾರಿನ್ಯೊ ದ್ರಾಕ್ಷಿಯ ಹೊಸ ಬಿಳಿ ವೈನ್, ಏಡಿಗೆ ಅದೇ ದ್ರಾಕ್ಷಿಯ ಹಳೆಯದು. ಆಕ್ಟೋಪಸ್ಸಿಗೆ ಮಾತ್ರ ಕೆಂಪು ವೈನ್, ಬಿಳಿ ಪಿಂಗಾಣಿ ಬಟ್ಟಲಲ್ಲಿ.

"ಆ ನೀರಿನ ಹೂಜಿ ತಗೊಂಡು ಹೋಗಯ್ಯ," ಎಂದರು ಎಲಾದಿಯೊ. "ಆಕ್ಟೋಪಸ್ ತಿಂದು ನೀರು ಕುಡಿದ್ರೆ ಹೊಟ್ಟೇಲಿ ಕಲ್ಲಾಗುತ್ತೆ ಅಂತಿದ್ಲು ನಮ್ಮಜ್ಜಿ."

"ನಮ್ಮಜ್ಜಿ ಮುಖ ತೊಳೆಯೋಕೂ ಬಿಡ್ತಿರಲಿಲ್ಲ!" ಎಂದ ಅಮಾರೊ.

ಇಬ್ಬರೂ ನಕ್ಕರು. ಆ ನಗುವಿನಲ್ಲೇ ಎಲಾದಿಯೊ ಚೀಲದಿಂದ ಒಂದು ಬಾಟಲಿ ತೆಗೆದರು. "ನಮ್ಮಪ್ಪ ಇಟ್ಟದ್ದು. ಕೊನೇ ಮೀನಿಗೆ ಹೊಂದುತ್ತಾ ನೋಡು."

ಮೊದಲು ಒಳಗೆ ಉಶಿಯಾಳ ಹತ್ತಿರ ಕಳಿಸಬೇಕಿತ್ತು. ಆದರೆ ಅಮಾರೊ ಅಲ್ಲೇ ಬಿರಡೆ ಕಿತ್ತ.

ಉಶಿಯಾ ಮೀನಿನ ತಟ್ಟೆ ತಂದು ಮೇಜಿನ ಮೇಲಿಡುವಾಗ ವಾಸನೆ ಮುಖಕ್ಕೆ ಹೊಡೆಯಿತು. ಬಿರಡೆಗೆ ಹಿಡಿದ ಬೂಷ್ಟಿನಿಂದ ವೈನ್ ಕೆಟ್ಟಿತ್ತು. ಅಮಾರೊ ಕಣ್ಣು ಅರೆಮುಚ್ಚಿ ಲೋಟಕ್ಕೆ ಮೂಗಿಟ್ಟಿದ್ದ.

"ಆಹಾ! ಜೇನು, ಒಣಹುಲ್ಲು... ಈ ಮೀನಿಗೇ ಅಂತ ಹುಟ್ಟಿದ್ದು ಇದು!"

ಅವಳು ಅವನ ಕಾಲು ತುಳಿದಳು. ಸಂಭ್ರಮದಲ್ಲಿದ್ದವನು ಕಾಲು ಎಳೆದುಕೊಂಡು ಎಲಾದಿಯೊ ಅವರ ಲೋಟಕ್ಕೂ ಧಾರಾಳವಾಗಿ ಸುರಿದ.

ಎಲಾದಿಯೊ ಮೂಸಿದರು. ಲೋಟ ನೋಡಿದರು, ಆಮೇಲೆ ಅಮಾರೊನ ಮುಖ ನೋಡಿದರು. ತುಟಿಗೆ ತಾಗಿಸಿ ಕೆಳಗಿಟ್ಟರು.

"ಹೌದಪ್ಪ, ಜೇನು," ಎಂದರು, ಕಾಯಿಲೆಯವರ ಹತ್ತಿರ ಮಾತಾಡುವಷ್ಟು ಮೆತ್ತಗೆ. ಬೈದಿದ್ದರೆ ಉಶಿಯಾ ಏನಾದರೂ ಸುಳ್ಳು ಹೊಂದಿಸಿ ಹೇಳುತ್ತಿದ್ದಳು. ಈಗ ಮೀನಿನ ತಟ್ಟೆಯನ್ನು ಅವರತ್ತ ಸರಿಸಿದಳು.

ಹೊರಡುವಾಗ ಬಾಗಿಲಲ್ಲಿ ಅವಳ ಕೈ ಹಿಡಿದುಕೊಂಡರು. "ಮೀನು ಬಹಳ ಚೆನ್ನಾಗಿತ್ತಮ್ಮ. ಅವನನ್ನ ನೋಡ್ಕೋ."

ಒಳಗೆ ಅಮಾರೊ ಕಾಯುತ್ತಿದ್ದ. "ಏನಂದ್ರು? ಯಾವತ್ತಿಂದ ಬರಬೇಕಂತೆ?"

ಅವಳು ತಟ್ಟೆ ಎತ್ತತೊಡಗಿದಳು. ಎಲಾದಿಯೊ ಅವರ ಲೋಟ ತುಂಬಿದ್ದಂತೇ ಉಳಿದದ್ದು ಅವನ ಕಣ್ಣಿಗೆ ಬಿತ್ತು.

"ಕುಡೀಲೇ ಇಲ್ವಲ್ಲೇ."

ಅವಳು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದಳು.

"ಏನಾಗಿತ್ತು ಅದಕ್ಕೆ? ಹೇಳು ಮಾರಾಯ್ತಿ."

"ಗೋಣಿ. ನೆನೆದು ಕೊಳೆತ ಗೋಣಿ."

ಅಮಾರೊ ಕುರ್ಚಿ ಎಳೆದು ಕೂತ. ಲೋಟದೊಳಗೆ ಮೂಗು ತೂರಿಸಿ ಉಸಿರೆಳೆದ. "ಗೋಣಿ," ಎಂದು ತನಗೇ ಹೇಳಿಕೊಂಡು, ಮತ್ತೆ ಎಳೆದ. ಅವಳು ಮೇಜು ಒರೆಸಿ, ಕುರ್ಚಿಗಳನ್ನೆಲ್ಲ ಸರಿಸಿಟ್ಟು ಬಂದಾಗಲೂ ಹಾಗೇ ಉಸಿರೆಳೆಯುತ್ತಿದ್ದ.