ಚಾಲಕರೊಂದಿಗೆ ಮಾತನಾಡಬೇಡಿ

ಮಗಳು ಶಾಲೆಗೆ ಸೇರಿ ಹನ್ನೊಂದು ವಾರವಾಗಿತ್ತು. ಅದರಲ್ಲಿ ಅವಳು ಶಾಲೆಯಲ್ಲಿ ಕೂತದ್ದು ಹೆಚ್ಚೆಂದರೆ ಐದು ವಾರ. ಉಳಿದದ್ದೆಲ್ಲ ಮನೆಯ ಹಾಸಿಗೆಗೆ, ಡಾಕ್ಟರ ಬೆಂಚಿಗೆ, ನನ್ನ ಹೆಗಲಿಗೆ ಹಂಚಿಹೋಯಿತು. ಮೊದಲು ನೆಗಡಿ ಬಂತು. ಅದು ಹೋಗುವಾಗ ಕೆಮ್ಮನ್ನು ಕೂರಿಸಿ ಹೋಯಿತು. ಕೆಮ್ಮು ಬಿಟ್ಟಿತು ಎಂದು ಉಸಿರು ಬಿಡುವಷ್ಟರಲ್ಲಿ ಕಣ್ಣು ಕೆಂಪಾಗಿ ಅಂಟಿಕೊಂಡವು, ಆಮೇಲೆ ವಾಂತಿ, ಆಮೇಲೆ ಕೈಕಾಲಿನ ತುಂಬ ಸಣ್ಣ ಗುಳ್ಳೆ, ಆಮೇಲೆ ಇನ್ನೊಂದು ನೆಗಡಿ. ಅವಳಿಗೆ ಬಂದದ್ದು ಎರಡು ದಿನ ಬಿಟ್ಟು ನನಗೆ, ನನ್ನಿಂದ ನನ್ನ ಗಂಡನಿಗೆ. ಆ ಹನ್ನೊಂದು ವಾರದಲ್ಲಿ ನಾವು ಮೂವರೂ ಒಟ್ಟಿಗೆ ನೆಟ್ಟಗಿದ್ದ ದಿನ ಒಂದೂ ನೆನಪಿಲ್ಲ.

ಡಾಕ್ಟರು ಒಳ್ಳೆಯವರೇ. ಮೊದಲ ವರ್ಷ ಎಲ್ಲ ಮಕ್ಕಳಿಗೂ ಹೀಗೇ, ಎಂಟು ಹತ್ತು ಸಲ ಬಂದು ಹೋಗುತ್ತದೆ, ಮೈ ಗಟ್ಟಿಯಾಗುತ್ತಿದೆ ಅಂದುಕೊಳ್ಳಿ ಎಂದರು. ನನ್ನ ಮೈಯನ್ನು ಯಾವಾಗ ಗಟ್ಟಿ ಮಾಡುತ್ತೀರಿ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಹಿಂದೆ ಬೆಂಚಿನ ಮೇಲೆ ಇನ್ನೂ ಒಂಬತ್ತು ಮೂಗುಗಳು ಸುರಿಯುತ್ತಾ ಕಾದಿದ್ದವು.

ಮಗಳಿಗೆ ನಾಲ್ಕು ವರ್ಷ. ಹುಟ್ಟಿದಾಗ ಅಂಗೈಯಲ್ಲಿ ಹಿಡಿಯುವಷ್ಟಿದ್ದಳು, ಅಳು ಮಾತ್ರ ಬೀದಿಯ ಆ ತುದಿಗೆ ಕೇಳುತ್ತಿತ್ತು. ಕಾಳು ಚಿಕ್ಕದು, ಖಾರ ಜಾಸ್ತಿ ಎಂದು ಅವಳಪ್ಪ ಮೆಣಸು ಎಂದು ಕರೆದ. ಅದೇ ನಿಂತಿತು. ಈಗಂತೂ ಹೋದಲ್ಲೆಲ್ಲ ನಾಲ್ಕು ಜನಕ್ಕೆ ಸೀನು ತರಿಸಿ ಬರುತ್ತಿದ್ದಳು. ಕೆಳಗಿನ ಮನೆಯಾಕೆ ಒಂದು ದಿನ ಪಾಪ ಎಂದು ಇವಳನ್ನು ಇಟ್ಟುಕೊಂಡಿದ್ದಕ್ಕೆ ಆಕೆಯ ಮನೆಗೆ ಮನೆಯೇ ಗುಳ್ಳೆ ಎದ್ದು ಮಲಗಿತು. ಆವತ್ತಿನಿಂದ ಆಕೆ ನನ್ನನ್ನು ಕಂಡರೆ ಬಾಗಿಲನ್ನು ಒಂದು ಗೇಣಿಗಿಂತ ಹೆಚ್ಚು ತೆರೆಯುವುದಿಲ್ಲ.

ನನ್ನ ಗಂಡನಿಗೆ ಬ್ರೆಡ್ ಕಾರ್ಖಾನೆಯಲ್ಲಿ ಒಲೆಯ ಕೆಲಸ. ಬೆಳಗಿನ ನಾಲ್ಕಕ್ಕೆ ಹೋದರೆ ಬರುವುದು ಮಧ್ಯಾಹ್ನ ಒಂದಕ್ಕೆ. ಒಳಗೆ ಫೋನು ಒಯ್ಯುವ ಹಾಗಿಲ್ಲ. ನಾನು ಡಿಪೋದಲ್ಲಿ ಬಸ್ ಓಡಿಸುವುದನ್ನು ಕಲಿಯುತ್ತಿದ್ದೆ. ನಾಲ್ಕು ತಿಂಗಳ ಕಲಿಕೆ ಮುಗಿದು ಕೊನೆಯ ಪರೀಕ್ಷೆಯೊಂದು ಬಾಕಿ. ಅದರ ದಿನವನ್ನು ಎರಡು ಸಲ ಮುಂದೆ ಹಾಕಿಸಿಕೊಳ್ಳಬಹುದು, ಮೂರನೆಯ ಸಲ ಬರದಿದ್ದರೆ ಹೆಸರು ಹೊಡೆದುಹಾಕುತ್ತಾರೆ, ಮತ್ತೆ ಕಲಿಯಬೇಕೆಂದರೆ ಒಂದು ವರ್ಷ ಕಾಯಬೇಕು ಎಂದು ಡಿಪೋದ ಗೋಡೆಯ ಮೇಲೆ ಬರೆದಿತ್ತು.

ಎರಡೂ ಸಲ ಮುಗಿದಿದ್ದವು. ಒಂದು ಕೆಂಪು ಕಣ್ಣಿಗೆ ಹೋಯಿತು, ಇನ್ನೊಂದು ವಾಂತಿಗೆ. ನಾನು ಹೇಳಿದ ಕಾರಣ ಮಾತ್ರ ಬೇರೆ. ನನ್ನ ಜೊತೆ ಕಲಿಯುತ್ತಿದ್ದ, ನನಗಿಂತ ಹತ್ತು ವರ್ಷ ದೊಡ್ಡವಳಾದ ಅಕ್ಕ ಒಬ್ಬಳು ಮೊದಲ ವಾರವೇ ಕಿವಿಯಲ್ಲಿ ಹೇಳಿದ್ದಳು: "ಮಗು ಅಂದ್ಯೋ ಮುಗೀತು. ಹೆಂಗಸರನ್ನ ತಗೊಂಡಿದ್ದೇ ತಪ್ಪಾಯ್ತು ಅಂತಾರೆ. ಅಜ್ಜಿ ಹೋದಳು ಅನ್ನು, ಯಾರೂ ಎರಡನೇ ಪ್ರಶ್ನೆ ಕೇಳಲ್ಲ." ನನ್ನ ಅಜ್ಜಿ ನಾನು ಹುಟ್ಟುವ ಮೊದಲೇ ಹೋದವಳು. ಅವಳನ್ನು ಮತ್ತೊಮ್ಮೆ ಸಾಯಿಸಿದೆ. ಎರಡನೆಯ ಸಲಕ್ಕೆ ಕಾಲು ಉಳುಕಿಸಿಕೊಂಡೆ, ಡಿಪೋಗೆ ಹೋದ ದಿನ ನೆನಪಿಟ್ಟುಕೊಂಡು ಕುಂಟಿದೆ. ನಮಗೆ ಕಲಿಸುವ ಮೇಷ್ಟ್ರು ಮಾತೆತ್ತಿದರೆ ಕನ್ನಡಿ ನೋಡು, ಕನ್ನಡಿ ನೋಡು ಅನ್ನುವವರು, ಹಾಗಾಗಿ ಎಲ್ಲರ ಬಾಯಲ್ಲೂ ಕನ್ನಡಿ ಮೇಷ್ಟ್ರು. ಅವರು ತಲೆಯೆತ್ತದೆ ಪುಸ್ತಕದಲ್ಲಿ ಬರೆದುಕೊಂಡರು. ನಂಬಿದರೋ ಬಿಟ್ಟರೋ ಗೊತ್ತಾಗಲಿಲ್ಲ.

ಮನೆಯಲ್ಲಿ ನಾನೂ ಮೆಣಸೂ ಒಂದು ಆಟ ಆಡುತ್ತಿದ್ದೆವು. ನಾಲ್ಕು ಕುರ್ಚಿ ಸಾಲಾಗಿ ಇಟ್ಟರೆ ಬಸ್ಸು. ನಾನು ಡ್ರೈವರು, ಅವಳು ಪ್ರಯಾಣಿಕಳು. ಒಂದು ದಿನ ಅವಳನ್ನು ಡಿಪೋಗೆ ಕರೆದೊಯ್ದಾಗ ಚಾಲಕರ ಸೀಟಿನ ಹಿಂದಿನ ಫಲಕವನ್ನು ಬೆರಳಿಟ್ಟು ಓದಿಸಿಕೊಂಡಿದ್ದಳು: ಚಾಲಕರೊಂದಿಗೆ ಮಾತನಾಡಬೇಡಿ. ಆಮೇಲಿಂದ ಆಟದಲ್ಲಿ ಅವಳಿಗೆ ಆ ನಿಯಮವೇ ಪ್ರಾಣ. ತುಟಿಯ ಮೇಲೆ ಬೆರಳಿಟ್ಟು ಕೂತರೆ ಕೊನೆಯ ಸ್ಟಾಪು ಎಂದು ನಾನು ಕೂಗುವವರೆಗೆ ಪಿಟಿಕ್ಕೆನ್ನುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನಿಯಮ ಅವಳಿಗಿಂತ ನನಗೆ ಹೆಚ್ಚು ಇಷ್ಟ. ದಿನವಿಡೀ ಅಮ್ಮಾ ಅಮ್ಮಾ ಎಂದು ಕಿವಿ ತೂತು ಬೀಳುವಾಗ ಹತ್ತು ನಿಮಿಷದ ಮೌನಕ್ಕೋಸ್ಕರವೇ ಎಷ್ಟೋ ಸಲ ಬಸ್ಸು ಹೊರಡಿಸಿದ್ದೇನೆ. ಅವಳು ಹಿಂದೆ ಬಾಯಿಗೆ ಬೀಗ ಹಾಕಿಕೊಂಡು ಕೂತಿರುತ್ತಿದ್ದಳು, ನಾನು ಮುಂದೆ ಕಣ್ಣು ಮುಚ್ಚಿಕೊಂಡು ಸ್ಟೀರಿಂಗ್ ತಿರುಗಿಸುತ್ತಿದ್ದೆ.

ಪರೀಕ್ಷೆಯ ಬೆಳಿಗ್ಗೆ ಐದೂವರೆಗೆ ಅವಳ ಕಾಲು ನನ್ನ ಹೊಟ್ಟೆಗೆ ತಗುಲಿತು. ಕಾಲು ಸುಡುತ್ತಿತ್ತು. ನೂರಾ ಒಂದು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು, ಅದೂ ಅವಳ ಮೇಲೆ. ಇವತ್ತೇ ಆಗಬೇಕಿತ್ತಾ ನಿನಗೆ ಎಂದು ಮಲಗಿದ್ದ ಮಗುವನ್ನು ಬೈದೆ. ಅವಳು ಕಣ್ಣು ಬಿಟ್ಟು ನೋಡಿ ನನ್ನ ತೋಳಿನೊಳಗೆ ಇನ್ನಷ್ಟು ನುಗ್ಗಿ ಮಲಗಿದಳು.

ಗಂಡ ಒಲೆಯ ಮುಂದಿದ್ದ, ಅವನ ರಜೆಯೆಲ್ಲ ಹಿಂದಿನ ವಾರವೇ ತೀರಿತ್ತು. ಕೆಳಗಿನ ಮನೆಯ ಬಾಗಿಲು ಒಂದು ಗೇಣು. ಪರೀಕ್ಷೆ ಒಂಬತ್ತಕ್ಕೆ. ನಾನು ಹಾಸಿಗೆಯ ಮೇಲೆ ಕೂತು ಲೆಕ್ಕ ಹಾಕಿದೆ. ಏಳೂವರೆಗೆ ಸಿರಪ್ ಕುಡಿಸಿದರೆ ಎಂಟರ ಹೊತ್ತಿಗೆ ಜ್ವರ ಇಳಿಯುತ್ತದೆ. ಎಂಟೂಕಾಲಿಗೆ ಶಾಲೆಯ ಬಾಗಿಲಲ್ಲಿ ಮಿಸ್ಸು ಹಣೆ ಮುಟ್ಟಿದಾಗ ತಣ್ಣಗಿರುತ್ತದೆ. ಹನ್ನೊಂದೂವರೆಗೆ ಮತ್ತೆ ಏರತೊಡಗುತ್ತದೆ. ಹನ್ನೆರಡೂವರೆಗೆ ಶಾಲೆ ಬಿಡುವಾಗ ನಾನು ಅಲ್ಲಿರುತ್ತೇನೆ. ಅಷ್ಟು ಕರಾರುವಾಕ್ಕಾದ ವೇಳಾಪಟ್ಟಿಯನ್ನು ನಮ್ಮ ಡಿಪೋದವರು ಜನ್ಮದಲ್ಲಿ ಬರೆದಿರಲಿಕ್ಕಿಲ್ಲ.

ತೊಂದರೆ ಇದ್ದದ್ದು ಅವಳ ಬಾಯಲ್ಲಿ. ಮಿಸ್ಸು ಬಾಗಿಲಲ್ಲಿ ನಿಂತು ಒಂದೊಂದು ಮಗುವನ್ನೂ ಮಾತಾಡಿಸಿ ಒಳಗೆ ಬಿಡುತ್ತಾರೆ. ಇವಳು ಹೇಗಿದ್ದೀಯ ಎಂದರೆ ಬೆಳಗಿನಿಂದ ನಡೆದದ್ದನ್ನೆಲ್ಲ ಊದುವವಳು. ಸಿರಪ್ಪಿನ ಬಣ್ಣ, ರುಚಿ, ಅಮ್ಮ ಬೈದದ್ದು, ಎಲ್ಲ. ಬೂಟಿನ ಪಟ್ಟಿ ಕಟ್ಟುತ್ತಾ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಹೇಳಿದೆ, "ಇವತ್ತು ಮಿಸ್ಸೇ ಡ್ರೈವರ್. ಶಾಲೆನೇ ಬಸ್ಸು. ಡ್ರೈವರ್ ಜೊತೆ ಮಾತಾಡಬಾರದು ಅಲ್ವಾ? ನಾನು ಬಂದಾಗಲೇ ಕೊನೇ ಸ್ಟಾಪು."

ಅವಳಿಗೆ ಖುಷಿಯಾಯಿತು. ತಲೆಯಾಡಿಸಿ ಆಗಲೇ ತುಟಿಯ ಮೇಲೆ ಬೆರಳಿಟ್ಟಳು.

ಬಾಗಿಲಲ್ಲಿ ಮಿಸ್ಸು ಮುಂಗೈಯಿಂದ ಅವಳ ಹಣೆ ಮುಟ್ಟಿದರು, ತಿಂಡಿ ತಿಂದೆಯಾ ಎಂದು ಕೇಳಿದರು. ಮೆಣಸು ನನ್ನ ಕಡೆ ನೋಡಿದಳು, ಉತ್ತರ ಕೊಡಲಿಲ್ಲ. ಇವತ್ತು ಏಕೋ ಮೂಡ್ ಇಲ್ಲ ಮಿಸ್ ಎಂದು ನಾನೇ ನಕ್ಕೆ. ಅವರೂ ನಕ್ಕರು, ಆದರೆ ನನ್ನ ಮುಖವನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ನಾನು ಬಸ್ಸು ತಪ್ಪುತ್ತದೆ ಎಂದು ಹೇಳಿ ಓಡಿದೆ.

ಡಿಪೋದಲ್ಲಿ ಫೋನನ್ನು ಆರಿಸಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು. ಹಾಕಿದೆ. ಕನ್ನಡಿ ಮೇಷ್ಟ್ರು ಪಕ್ಕದಲ್ಲಿ ಕೂತರು, ಪರೀಕ್ಷಕರು ಹಿಂದೆ. ಇಳಿಜಾರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಜಾರದೆ ಹೊರಡಿಸಿದೆ. ನೀರಿನ ಟ್ಯಾಂಕಿನ ಪಕ್ಕದ ಇಕ್ಕಟ್ಟಿನ ತಿರುವಿನಲ್ಲಿ ಹಿಂದಿನ ಚಕ್ರ ಅಂಚಿಗೆ ತಾಗಲಿಲ್ಲ. ಚಾಲಕರ ಗಮನ ಎಷ್ಟು ಗಟ್ಟಿ ಎಂದು ನೋಡಲು ಹಿಂದಿನ ಸೀಟಿನಲ್ಲಿ ಯಾರನ್ನಾದರೂ ಕೂರಿಸಿ ಗಲಾಟೆ ಮಾಡಿಸುವುದು ಅಲ್ಲಿಯ ಪದ್ಧತಿ. ಆವತ್ತು ಒಬ್ಬ ಮೆಕ್ಯಾನಿಕ್ಕು ಹಿಂದೆ ಕೂತು ಅಯ್ಯೋ, ನಿಲ್ಸಿ, ಬಿದ್ದೆ ಎಂದು ಅರಚಿಕೊಂಡ. ನಾನು ತಿರುಗಲಿಲ್ಲ. ಕನ್ನಡಿಯಲ್ಲಿ ನೋಡಿದೆ, ಅವನು ಆರಾಮವಾಗಿ ಕೂತಿದ್ದ, ಮುಂದೆ ಹೋದೆ. ಆ ಎರಡು ಗಂಟೆಯಲ್ಲಿ ಒಮ್ಮೆಯೂ ಮಗಳ ನೆನಪು ಬರಲಿಲ್ಲ. ಮೂರು ತಿಂಗಳಲ್ಲಿ ನನ್ನನ್ನು ಯಾರೂ ಅಂಟಿಕೊಳ್ಳದೆ, ಯಾರೂ ಒದೆಯದೆ, ನಾನೊಬ್ಬಳೇ ಕೂತ ಎರಡು ಗಂಟೆ ಅದು. ಸುಖವಾಗಿತ್ತು. ಹೇಳಲು ನಾಚಿಕೆಯಾಗುತ್ತದೆ, ಆದರೆ ಸುಖವಾಗಿತ್ತು.

ಪಾಸಾದೆ. ಮೇಷ್ಟ್ರು ಮೊದಲ ಬಾರಿಗೆ ತಲೆಯೆತ್ತಿ ನನ್ನನ್ನು ನೋಡಿ, ನಾಳೆ ಬೆಳಿಗ್ಗೆ ಆರಕ್ಕೆ ಬಂದುಬಿಡಮ್ಮ, ಗಾಡಿ ಕೊಡ್ತೀನಿ ಎಂದರು. ಖುಷಿಗೆ ನನಗೆ ಪೆಟ್ಟಿಗೆಯಿಂದ ತೆಗೆದ ಫೋನನ್ನು ಹಚ್ಚುವುದೂ ಮರೆತುಹೋಯಿತು.

ಶಾಲೆ ಮುಟ್ಟಿದಾಗ ಹನ್ನೆರಡು ಇಪ್ಪತ್ತು. ಮಕ್ಕಳೆಲ್ಲ ಒಂದು ಕಡೆ ಹಾಡು ಹೇಳುತ್ತಿದ್ದರು. ಮೆಣಸು ಗೋಡೆಯ ಪಕ್ಕ, ಯಾರದೋ ದೊಡ್ಡ ಲಂಗ ತೊಟ್ಟುಕೊಂಡು ಚಾಪೆಯ ಮೇಲೆ ಮಲಗಿದ್ದಳು. ಮುಖ ಕೆಂಪಾಗಿತ್ತು, ತುಟಿ ಒಡೆದಿತ್ತು. ನನ್ನನ್ನು ನೋಡಿ ಎದ್ದು ಕೂತಳು. ಓಡಿ ಬರಲಿಲ್ಲ. ಬೆರಳನ್ನು ತುಟಿಯಿಂದ ಒಂಚೂರು ಎತ್ತಿ, ಸಣ್ಣ ದನಿಯಲ್ಲಿ, "ಕೊನೇ ಸ್ಟಾಪಾ?" ಎಂದು ಕೇಳಿದಳು.

ಹೌದು ಎಂದೆ. ಆಗ ಅತ್ತಳು. ಅಷ್ಟು ಹೊತ್ತಿನದೂ ಸೇರಿಸಿ ಅತ್ತಳು.

ಮಿಸ್ಸು ನನ್ನನ್ನು ಬಾಗಿಲ ಹೊರಗೆ ಕರೆದು ನಡೆದದ್ದನ್ನು ಹೇಳಿದರು. ಬೆಳಗಿನಿಂದ ಅವಳು ಒಂದು ಮಾತೂ ಆಡಿರಲಿಲ್ಲ. ಮುನಿಸು ಎಂದುಕೊಂಡು ಇವರೂ ಸುಮ್ಮನೆ ಬಿಟ್ಟಿದ್ದರು. ನೀರಿನ ಬಾಟಲಿಗಳು ಮೇಲಿನ ಗೂಡಿನಲ್ಲಿರುತ್ತವೆ, ಮಕ್ಕಳು ಕೇಳಿ ಇಳಿಸಿಕೊಳ್ಳಬೇಕು. ಇವಳು ಕೇಳಲಿಲ್ಲ. ಒಂದಕ್ಕೆ ಹೋಗಬೇಕೆಂದೂ ಕೇಳಲಿಲ್ಲ, ಕೂತಲ್ಲೇ ಮಾಡಿಕೊಂಡಳು, ಪಕ್ಕದ ಮಗು ಹೇಳಿದ ಮೇಲೆ ಗೊತ್ತಾಗಿದ್ದು. ಬಟ್ಟೆ ಬದಲಿಸಲು ಮುಟ್ಟಿದರೆ ಮೈ ಕೆಂಡ. ನನಗೆ ಒಂಬತ್ತು ಸಲ ಫೋನು ಮಾಡಿದ್ದರು. ನೀರು ಕೊಟ್ಟಾಗ ಎರಡು ಲೋಟ ಗಟಗಟ ಕುಡಿದಳಂತೆ. ಕೇಳಬಾರದಾ ಪುಟ್ಟಾ ಎಂದಿದ್ದಕ್ಕೆ ಮತ್ತೆ ತುಟಿಯ ಮೇಲೆ ಬೆರಳು.

ನನಗೆ ಇನ್ನು ಸುಳ್ಳು ಹೇಳುವ ಶಕ್ತಿ ಇರಲಿಲ್ಲ. ಬೆಳಿಗ್ಗೆ ಜ್ವರ ಇತ್ತು, ಸಿರಪ್ ಕುಡಿಸಿ ಕಳಿಸಿದೆ ಎಂದೆ. ಆಟದ ವಿಷಯವನ್ನೂ ಹೇಳಿದೆ.

ಮಿಸ್ಸು ಕೂಗಾಡಲಿಲ್ಲ. ಅವರ ಕಣ್ಣ ಕೆಳಗೂ ನನ್ನಷ್ಟೇ ಕಪ್ಪಿತ್ತು, ಮೂಗು ಕಟ್ಟಿ ದನಿ ಒಡೆದಿತ್ತು. "ಸಿರಪ್ ಗೊತ್ತಿತ್ತು, ಬಾಯಲ್ಲಿ ಅದರ ವಾಸನೆ ಬರ್ತಿತ್ತು. ಇವತ್ತು ಇವಳ ಜೊತೆ ಇನ್ನೂ ಮೂರು ಮಕ್ಕಳು ಹಾಗೇ ಬಂದಿದ್ದಾವೆ. ನಿಮಗೂ ಕೆಲಸ ಇರುತ್ತೆ, ಎಲ್ಲರನ್ನೂ ವಾಪಸ್ ಕಳಿಸಕ್ಕಾಗಲ್ಲ. ಜ್ವರ ಬಂದ ಮಗು ಮಿಸ್ ಅಂತ ಬರುತ್ತೆ, ನೋಡ್ಕೋತೀವಿ. ಬಾಯಿ ಮುಚ್ಚಿಸಿ ಕಳಿಸಿದವರು ಮಾತ್ರ ನೀವೊಬ್ಬರೇ."

ಅವರು ಇಷ್ಟನ್ನು ಮೆತ್ತಗೆ ಹೇಳಿ ಒಳಗೆ ಹೋದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಮನೆಗೆ ಬಂದು ಮಲಗಿಸಿದೆ. ಒಂದು ಗಂಟೆಗೆ ಗಂಡ ಬಂದ. ನಡೆದದ್ದನ್ನು ಕೇಳಿ, ಬೂಟು ಬಿಚ್ಚದೆ ಅವಳ ಕಾಲ ಬಳಿ ಕೂತು, ಕೂತಲ್ಲೇ ತೂಕಡಿಸಿದ. ಅವನಿಗೆ ನಾಳೆಯೂ ರಜೆಯಿರಲಿಲ್ಲ. ಹೊಸ ಕೆಲಸದ ಮೊದಲ ದಿನವೇ ಬರುವುದಿಲ್ಲ ಎಂದರೆ ಕೊಟ್ಟ ಗಾಡಿಯನ್ನು ಕಿತ್ತುಕೊಳ್ಳುತ್ತಾರೆ ಎಂದು ನನಗೆ ಖಾತ್ರಿಯಿತ್ತು. ಬೇರೆ ಕಾರಣ ಹುಡುಕಿದೆ. ಸಾಯಿಸಲು ಅಜ್ಜಿಯಂದಿರು ಉಳಿದಿರಲಿಲ್ಲ. ಕೊನೆಗೆ ಹೋದರೆ ಹೋಗಲಿ ಎಂದು ಅಡುಗೆಮನೆಗೆ ಹೋಗಿ ಮೇಷ್ಟ್ರಿಗೆ ಫೋನು ಮಾಡಿದೆ.

"ನಾಳೆ ಬರೋಕಾಗಲ್ಲ ಮೇಷ್ಟ್ರೇ. ಮಗಳಿಗೆ ಜ್ವರ."

ಎಷ್ಟು ವರ್ಷ ಎಂದು ಕೇಳಿದರು. ನಾಲ್ಕು, ಈ ವರ್ಷ ಶಾಲೆಗೆ ಸೇರಿಸಿದ್ದು ಎಂದೆ. ಓ, ಹಾಗಾದರೆ ಒಂದಾದ ಮೇಲೊಂದು ಬರುತ್ತಿರಬೇಕಲ್ಲ ಎಂದರು. ಅವರ ಮೊಮ್ಮಗನದೂ ಹೋದ ವರ್ಷ ಅದೇ ಕಥೆಯಂತೆ. ಆಮೇಲೆ, ಹಿಂದಿನ ಎರಡು ಸಲವೂ ಅದಕ್ಕೇನಾ ಎಂದು ಕೇಳಿದರು. ಹೌದು ಎಂದೆ.

"ಏನಮ್ಮಾ ನೀನು. ಮಕ್ಕಳ ಕಾಯಿಲೆ ಆ ಎರಡು ಸಲದ ಲೆಕ್ಕಕ್ಕೆ ಬರಲ್ಲ. ಡಾಕ್ಟರ ಚೀಟಿ ತಂದ್ರೆ ಎಷ್ಟು ಸಲ ಬೇಕಾದ್ರೂ ದಿನ ಬದಲಾಯಿಸಿ ಕೊಡ್ತೀವಿ. ಬೆಳಿಗ್ಗೆ ಒಂದು ಮಾತು ಹೇಳಿದ್ದರೆ ಶನಿವಾರಕ್ಕೆ ಹಾಕ್ತಿದ್ದೆನಲ್ಲ."

ನನ್ನ ಮಗಳು ಬಾಯಾರಿ, ಒದ್ದೆಯಲ್ಲಿ, ಸುಡುವ ಮೈಯಲ್ಲಿ ಕೂತಿದ್ದ ಆ ಬೆಳಿಗ್ಗೆ ಯಾರಿಗೂ ಬೇಕಾಗಿರಲಿಲ್ಲ. ಡಿಪೋ ಕೇಳಿರಲಿಲ್ಲ, ಶಾಲೆ ಕೇಳಿರಲಿಲ್ಲ. ಯಾರೂ ಕೇಳದಿದ್ದದ್ದನ್ನು ನಾನೇ ಅವಳ ಕೈಯಿಂದ ಕೊಡಿಸಿದ್ದೆ. ಮೇಷ್ಟ್ರು ಕೇಳಿಸ್ತಾ ಎಂದರು. ಕೇಳಿಸಿತು ಎಂದೆ. ನಾಡಿದ್ದು ಬಂದರೆ ಸಾಕು, ಮಗುವನ್ನು ನೋಡಿಕೋ ಎಂದು ಫೋನು ಇಟ್ಟರು.