ಹಸಿರು ದೀಪ

ಗುಣಿಸಬೇಕಾದ ಕಡೆ ಭಾಗಿಸು ಎಂದು ಬರೆದರೂ ಪರದೆಯ ಮೇಲೆ ಎಲ್ಲ ಸಾಲುಗಳೂ ಹಸಿರಾಗಿಯೇ ಬಂದವು. ಅಕ್ಕ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದಳು. ಆಫೀಸಿನಲ್ಲಿ ಅವಳು ಎಲ್ಲರಿಗೂ ಅಕ್ಕನೇ. ರೋಗಿಗಳ ನರಕ್ಕೆ ಔಷಧ ಹನಿಸುವ ಪಂಪಿನ ಪ್ರೋಗ್ರಾಮಿಗೆ, ತಪ್ಪಿದ್ದರೆ ಸಾಲನ್ನು ಕೆಂಪಾಗಿಸಿ ತೋರಿಸಬೇಕಾದ ಟೆಸ್ಟುಗಳನ್ನು ಬರೆದವಳು ಅವಳು.

ಈ ಉಸಾಬರಿ ಯಾರೂ ಹೇಳಿ ಮಾಡಿಸಿದ್ದಲ್ಲ. ಪ್ರೋಗ್ರಾಮಿನಲ್ಲಿ ಬೇಕೆಂದೇ ಒಂದೊಂದು ತಪ್ಪು ಸೇರಿಸಿ, ತನ್ನ ಟೆಸ್ಟುಗಳು ಅದನ್ನು ಹಿಡಿಯುತ್ತವೆಯೇ ಎಂದು ನೋಡಲು ಹೊರಟಿದ್ದಳು. ಹಿಡಿದೇ ಹಿಡಿಯುತ್ತವೆ ಎಂಬ ಜಂಬವೂ ಇತ್ತು. ಕಾವಲುನಾಯಿ ಬೊಗಳುತ್ತದೆಯೇ ಎಂದು ಮನೆಯವರೇ ಮುಸುಕು ಹಾಕಿಕೊಂಡು ಗೋಡೆ ಹಾರಿ ನೋಡಿದಂತಾಯಿತು. ನಾಯಿ ಕಣ್ಣನ್ನೂ ತೆರೆಯಲಿಲ್ಲ. ಔಷಧದ ಮಿತಿಯನ್ನೇ ಅಳಿಸಿದಳು. ಆಗಲೂ ಹಸಿರು.

ಹುಡುಕಿದಾಗ ಕಾರಣ ಸಿಕ್ಕಿತು. ಮೊದಲ ಟೆಸ್ಟು ಬರೆದಾಗ, ಬಂದ ಉತ್ತರ ಸರಿಯೇ ಎಂದು ಹೋಲಿಸದೆ, ಉತ್ತರ ಬಂತೇ ಎಂದಷ್ಟೇ ನೋಡಿ ಬಿಟ್ಟಿದ್ದಳು. ಆಮೇಲೆ ಸರಿಪಡಿಸಿದರಾಯಿತು ಎಂದುಕೊಂಡವಳು ಮರೆತೇಬಿಟ್ಟಳು. ಮುಂದಿನವೆಲ್ಲ ಅದರದೇ ನಕಲು.

ಮ್ಯಾನೇಜರು ಸಮಾಧಾನವಾಗಿಯೇ ಕೇಳಿಸಿಕೊಂಡರು. ಕೆಟ್ಟ ಮನುಷ್ಯರೇನಲ್ಲ.

"ಹಾಗಾದ್ರೆ ಪಂಪಲ್ಲಿ ತಪ್ಪಿದೆ ಅಂತ ಆಯ್ತಾ?"

"ಇಲ್ಲ ಸರ್. ಇದ್ರೆ ನಮಗೆ ಗೊತ್ತಾಗಲ್ಲ ಅಂತ ಆಯ್ತು."

ಪಂಪುಗಳು ಎಂದೋ ಆಸ್ಪತ್ರೆಗಳನ್ನು ಸೇರಿವೆ, ಇಲ್ಲದ ತಪ್ಪಿಗಾಗಿ ಅವನ್ನು ವಾಪಸು ಕರೆಸಿದರೆ ಕಂಪನಿಗೆ ಬೀಗ ಬೀಳುತ್ತದೆ ಎಂದರು. ಟೆಸ್ಟುಗಳನ್ನು ನಿಧಾನವಾಗಿ ತಿದ್ದಿ, ಸದ್ಯಕ್ಕೆ ಯಾರ ಕಿವಿಗೂ ಹಾಕಬೇಡಿ ಎಂದರು. ಆಸ್ಪತ್ರೆಯಲ್ಲಿರುವ ನಮ್ಮ ಅತ್ತೆಗೂ ಅದೇ ಪಂಪು ಹಾಕಿದ್ದಾರೆ ಎಂದು ಅಕ್ಕ ಹೇಳಿದಳು. ಮ್ಯಾನೇಜರು ಮೇಜಿನ ಮೇಲಿದ್ದ ಪೆನ್ನನ್ನು ಸುಮ್ಮನೆ ಆಚೆ ಸರಿಸಿದರು.

ಸಂಜೆ ಆಸ್ಪತ್ರೆಗೆ ಬಂದವಳೇ ನರ್ಸನ್ನು ಪಕ್ಕಕ್ಕೆ ಕರೆದು, ಅತ್ತೆಗೆ ಬೇರೆ ಪಂಪು ಹಾಕಲಾಗುತ್ತದೆಯೇ ಎಂದು ಕೇಳಿದಳು. ಇಡೀ ಆಸ್ಪತ್ರೆಯಲ್ಲಿ ಇರುವುದೆಲ್ಲ ಅದೇ ಕಂಪನಿಯದು ಎಂದಳು ನರ್ಸ್. ಯಾಕೆ, ಏನಾದರೂ ತೊಂದರೆ ಇದೆಯೇ ಎಂದೂ ಕೇಳಿದಳು. ಹಾಗೇನಿಲ್ಲ ಎಂದುಬಿಟ್ಟಳು ಅಕ್ಕ. ಅಂದ ಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಹೃದಯಕ್ಕೆ ಔಷಧ ಹನಿಸಿಕೊಳ್ಳುತ್ತ ಮಲಗಿದ್ದ ಅತ್ತೆ ಪಕ್ಕದ ಮಂಚದ ಹೆಂಗಸಿಗೆ ಧೈರ್ಯ ಹೇಳುತ್ತಿದ್ದರು. ಸೊಸೆಯ ಅಡುಗೆಯನ್ನು ಒಮ್ಮೆಯೂ ಬಾಯ್ತುಂಬ ಹೊಗಳದವರು, ಅವಳ ಕೆಲಸದ ಸುದ್ದಿ ಬಂದರೆ ಮಾತ್ರ ಉಬ್ಬಿ ಹೋಗುತ್ತಿದ್ದರು.

"ಇವಳೇ ನನ್ನ ಸೊಸೆ. ನಿಮ್ಮ ಮೆಷಿನ್ನೂ ಇವಳು ನೋಡಿ ಪಾಸು ಮಾಡಿದ್ದೇ. ನಿಶ್ಚಿಂತೆಯಾಗಿ ನಿದ್ದೆ ಮಾಡಿ."

ಆ ಹೆಂಗಸು ಅಕ್ಕನಿಗೆ ಕೈ ಮುಗಿದು ಕಣ್ಣು ಮುಚ್ಚಿದಳು.

"ನೀನೂ ಮನೆಗೆ ಹೋಗಮ್ಮ, ಸುಸ್ತಾಗಿದೀಯ. ಅದು ನೋಡ್ಕೊಳ್ಳತ್ತೆ," ಎಂದರು ಅತ್ತೆ.

ಎರಡೂ ಪಂಪುಗಳ ಮೇಲೆ ಹಸಿರು ದೀಪ ಉರಿಯುತ್ತಿತ್ತು. ಅಕ್ಕ ಸ್ಟೂಲನ್ನು ಎರಡು ಮಂಚಗಳ ನಡುವೆ ಎಳೆದುಕೊಂಡು ಕೂತು, ಅತ್ತೆಯ ಕೊಳವೆಯಲ್ಲಿ ಬೀಳುತ್ತಿದ್ದ ಹನಿಯನ್ನೇ ನೋಡತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ ಆ ಕಡೆ ತಿರುಗಿ ಪಕ್ಕದವಳದನ್ನು ನೋಡಿದಳು. ಅದನ್ನು ನೋಡುವಾಗ ಇದು ಕಾಣುತ್ತಿರಲಿಲ್ಲ.