ತುಂಬದ ಚಿಪ್

ಲ್ಯಾಪ್‌ಟಾಪ್ ತಯಾರಿಸುವವರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಹಿಂದೆಲ್ಲ ನಾಲ್ಕು ಸ್ಕ್ರೂ ಬಿಚ್ಚಿದರೆ ಮೆಮೊರಿ, ಸ್ಟೋರೇಜ್ ಎರಡೂ ಕೈಗೆ ಬರುತ್ತಿದ್ದವು. ಈಗ ಎಲ್ಲವನ್ನೂ ಬೋರ್ಡಿಗೇ ಬೆಸುಗೆ ಹಾಕಿ ಕೂರಿಸಿಬಿಡುತ್ತಾರೆ. ಜಾಗ ಸಾಲದಿದ್ದರೆ ಹೊಸದು ಕೊಂಡುಕೋ ಎನ್ನುವ ದೌಲತ್ತು. ಬಿಸಿಗಾಳಿ ಹಾಯಿಸಿ, ಉಗುರಿನಷ್ಟಗಲದ ಚಿಪ್ ಎಬ್ಬಿಸಿ, ಅದರಲ್ಲಿದ್ದುದನ್ನೆಲ್ಲ ದೊಡ್ಡ ಚಿಪ್‌ಗೆ ಇಳಿಸಿ ಅಲ್ಲೇ ಕೂರಿಸುವುದು ನನ್ನ ಕಸುಬು. ಹದಿನೈದು ವರ್ಷವಾಯಿತು.

ಹಿಂದಿನ ಬೀದಿಯ ಟೈಲರಮ್ಮ ಲ್ಯಾಪ್‌ಟಾಪನ್ನು ಹಸುಗೂಸಿನಂತೆ ಎದೆಗವಚಿಕೊಂಡು ಬಂದಳು. ಕಣ್ಣು ಕೆಂಡದಂತೆ ಕೆಂಪಗಿದ್ದವು.

"ಜಾಗ ತುಂಬ್ತಾ ಬಂದಿದೆ ಮೇಡಂ. ದೊಡ್ಡದು ಹಾಕ್ಕೊಡಿ. ಇರೋದ್ರಲ್ಲಿ ಒಂದ್ ಚೂರೂ ಹೋಗ್ಬಾರ್ದು."

"ಬೇಡದ್ದನ್ನ ಅಳಿಸಿದ್ರಾಯ್ತಲ್ರೀ. ಸುಮ್ನೆ ಯಾಕೆ ಖರ್ಚು?"

"ಎಲ್ಲಾ ಅಳಿಸಿದ್ದೀನಿ. ಅವಳ ಫೋಟೋನೂ ಬಿಟ್ಟಿಲ್ಲ. ಉಳಿದಿರೋದು ಅದೊಂದೇ."

ಅದೊಂದು ಎಂದರೆ ಒಂದು ಧ್ವನಿಮುದ್ರಣ. ಅವಳ ತಂಗಿ ಎಂಟು ತಿಂಗಳ ಹಿಂದೆ ರಸ್ತೆ ದಾಟುವಾಗ ತೀರಿಕೊಂಡಿದ್ದಳು. ಲ್ಯಾಪ್‌ಟಾಪ್ ಆ ತಂಗಿಯದು. ಹೋದ ದಿನ ಬೆಳಿಗ್ಗೆ ಅವಳು ಶುರು ಮಾಡಿದ ಆ ಫೈಲಿನ ಹೆಸರು 'ಅಕ್ಕ'. ಅಂದಿನಿಂದ ದಿನಾ ಬೆಳೆಯುತ್ತಲೇ ಇತ್ತಂತೆ.

"ಅವಳು ಮಾತಾಡ್ತಿದ್ದಾಳೆ ಮೇಡಂ. ತೆಗೆದು ಕೇಳಿದ್ರೆ ಎಲ್ಲಿ ನಿಲ್ಲಿಸಿಬಿಡ್ತಾಳೋ ಅಂತ ಕೇಳಿಲ್ಲ. ಸೈಜ್ ಜಾಸ್ತಿ ಆಗೋದನ್ನ ನೋಡ್ತಾ ಕೂತಿರ್ತೀನಿ. ರಾತ್ರಿನೂ ಅಷ್ಟೇ."

ನನಗೆ ತಲೆ ಕೆಟ್ಟಿತು. ಆದರೆ ಆ ಮುಖ ನೋಡಿ ಲ್ಯಾಪ್‌ಟಾಪ್ ಇಸಿದುಕೊಂಡೆ. ನಾಳೆ ಬನ್ನಿ ಎಂದು ಕಳಿಸಿದೆ.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಚಿಪ್ ಎಬ್ಬಿಸಿದೆ. ಓದುವ ಯಂತ್ರಕ್ಕೆ ಹಾಕಿ, ದೊಡ್ಡ ಚಿಪ್‌ಗೆ ನಕಲು ಇಳಿಸಿ, ಹಳೆಯದನ್ನು ಹೊರತೆಗೆದು ಬಿಳಿ ರಟ್ಟಿಗೆ ಟೇಪಿನಲ್ಲಿ ಅಂಟಿಸಿ, ಪಕ್ಕದಲ್ಲಿ ಫೈಲಿನ ಸೈಜನ್ನು ಪೆನ್ಸಿಲಿನಲ್ಲಿ ಬರೆದೆ. ಇದು ನನ್ನ ಪದ್ಧತಿ. ನಕಲು ಸರಿ ಬಂದಿದೆಯೇ ಎಂದು ಒಂದು ಫೈಲು ತೆರೆದು ನೋಡುವುದೂ ನನ್ನ ಪದ್ಧತಿಯೇ. ಇಲ್ಲಿ ಇದ್ದುದೇ ಒಂದು.

ಮೊದಲ ಎರಡು ನಿಮಿಷ ಹುಡುಗಿಯೊಬ್ಬಳು ಏನೋ ಗುನುಗುತ್ತ ತಲೆ ಬಾಚಿಕೊಂಡಳು. ಬಾಗಿಲು ಹಾಕಿದ ಸದ್ದು. ಆಮೇಲೆ ಅಲ್ಲಲ್ಲಿ ಹಾರಿಸಿ ಕೇಳಿದರೆ ಎಂಟು ತಿಂಗಳು ಬರೀ ಹೊಲಿಗೆ ಮೆಷಿನ್ನಿನ ಸದ್ದು. ಹುಡುಗಿ ರೆಕಾರ್ಡಿಂಗ್ ನಿಲ್ಲಿಸುವುದನ್ನು ಮರೆತು ಹೋಗಿದ್ದಳು, ಅಷ್ಟೇ. ಲ್ಯಾಪ್‌ಟಾಪು ಟೈಲರಮ್ಮನ ಕೋಣೆಯನ್ನೇ ನುಂಗುತ್ತ ಕೂತಿತ್ತು. ನಡುನಡುವೆ ತಂಗಿಯನ್ನು ವಿಚಾರಿಸುವ ಅವಳ ದನಿ: "ಊಟ ಮಾಡಿದ್ಯೇನೇ? ನಾನಿನ್ನೂ ಮಾಡಿಲ್ಲ ಕಣೇ."

ಇದನ್ನು ಅವಳಿಗೆ ಹೇಗೆ ಹೇಳಲಿ?

ಊಟ ಮುಗಿಸಿ ಬಂದು, ಬೆಸುಗೆಗೆ ಕೂರುವ ಮುನ್ನ ಹಳೆಯ ಚಿಪ್ಪನ್ನು ಇನ್ನೊಮ್ಮೆ ಓದಿಸಿ ನಕಲಿಗೆ ತಾಳೆ ನೋಡಿದೆ. ತಾಳೆಯಾಗಲಿಲ್ಲ. ರಟ್ಟಿನ ಮೇಲೆ ಬರೆದದ್ದಕ್ಕಿಂತ ಹಳೆಯದು ದೊಡ್ಡದಾಗಿತ್ತು. ಎರಡು ಗಂಟೆ ಕಾಲ ಅದು ವೈರಿಲ್ಲದೆ, ಕರೆಂಟಿಲ್ಲದೆ, ಮೈಕಿಲ್ಲದೆ ಟೇಪಿನಡಿ ಬಿದ್ದಿತ್ತು.

ಹೆಚ್ಚಾದ ಭಾಗವನ್ನಷ್ಟೇ ಕೇಳಿದೆ. ನನ್ನದೇ ದನಿ. ಕೊರಿಯರಿನವನಿಗೆ ಫೋನಿನಲ್ಲಿ ಬೈಯುತ್ತಿದ್ದೇನೆ: "ತಲೆ ನೆಟ್ಟಗಿದೆಯೇನ್ರೀ ನಿಮಗೆ?" ಊಟಕ್ಕೆಂದು ನಾನು ಬಾಗಿಲೆಳೆದುಕೊಂಡ ಸದ್ದು. ಖಾಲಿ ಅಂಗಡಿ. ಆಮೇಲೆ ಆ ತಲೆ ಬಾಚಿಕೊಂಡ ಹುಡುಗಿಯ ದನಿ, ಕಿವಿಯ ಹತ್ತಿರ:

"ಆಂಟಿ, ದೊಡ್ಡದು ಹಾಕ್ಬೇಡಿ. ಇರೋ ಜಾಗ ತುಂಬಿ ಮುಗೀಲಿ. ನಮ್ಮಕ್ಕ ನೆಟ್ಟಗೆ ಮಲಗಿ ಎಷ್ಟು ದಿನ ಆಯ್ತು ಗೊತ್ತಾ?"

ಆಂಟಿ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವತ್ತು ಮೈಯೆಲ್ಲ ತಣ್ಣಗಾಯಿತು.

ಎರಡನೇ ಸಲದ ಬಿಸಿಯನ್ನು ಆ ಚಿಪ್ ತಡೆಯುತ್ತದೋ ಇಲ್ಲವೋ ಎಂಬ ಭಯ. ಉಸಿರು ಬಿಗಿಹಿಡಿದು ಹಳೆಯದನ್ನೇ ವಾಪಸ್ ಬೆಸೆದೆ. ಸಂಜೆ ಟೈಲರಮ್ಮ ಬಂದಾಗ, ಈ ಕಸುಬಿನಲ್ಲಿ ಎಂದೂ ಹೇಳದ ಸುಳ್ಳು ಹೇಳಿದೆ.

"ಈ ಬೋರ್ಡಿಗೆ ದೊಡ್ಡದು ಒಗ್ಗಲ್ಲಮ್ಮ. ಇದ್ದದ್ದು ಹಾಗೇ ಇದೆ, ಏನೂ ಹೋಗಿಲ್ಲ."

"ಹಾಗಾದ್ರೆ ಇನ್ನೆಷ್ಟು ದಿನ?"

"ಹತ್ತು ದಿನ ಬರಬಹುದು."

ಅವಳು ಅಲ್ಲೇ ಕುಸಿದು ಕೂತು ಅತ್ತಳು. ನಾನೂ ಅತ್ತೆ, ನಾಚಿಕೆಯೇನಿಲ್ಲ.

ಹನ್ನೆರಡನೆಯ ದಿನ ಅವಳು ಬರಿಗೈಯಲ್ಲಿ ಬಂದಳು. ಕಣ್ಣಿನ ಕೆಂಪು ಹೋಗಿತ್ತು.

"ಮೊನ್ನೆ ತುಂಬೋಯ್ತು ಮೇಡಂ. ಮೆಷಿನ್ ಮೇಲೆ ತಲೆಯಿಟ್ಟೋಳಿಗೆ ಅದ್ಯಾವಾಗ ನಿದ್ದೆ ಬಂತೋ, ಎದ್ದಾಗ ಬೆಳಕು ಹರಿದಿತ್ತು. ನೆನ್ನೆನೂ ಮಲಗಿದೆ." ನನ್ನ ಸಡಿಲಾಗಿದ್ದ ಗುಂಡಿಯನ್ನು ನೋಡಿ ಸೂಜಿದಾರ ತೆಗೆದು, ನಿಂತಲ್ಲೇ ಹೊಲಿದುಕೊಟ್ಟು ಹೋದಳು.

ನಕಲು ಇಳಿಸಿದ್ದ ದೊಡ್ಡ ಚಿಪ್ ನೆನಪಾಯಿತು. ಅದನ್ನು ಅಳಿಸಿ ಬೇರೆಯವರಿಗೆ ಹಾಕೋಣವೆಂದು ಡಬ್ಬಿಯಿಂದ ತೆಗೆದು ಯಂತ್ರಕ್ಕಿಟ್ಟೆ. ಅಭ್ಯಾಸಬಲದಿಂದ ಸೈಜು ನೋಡಿದೆ. ಎರಡು ದಿನದಷ್ಟು ಹೆಚ್ಚಾಗಿತ್ತು; ಹಳೆಯದು ತುಂಬಿದ್ದೂ ಮೊನ್ನೆಯೇ.

ಅಳಿಸುವುದಕ್ಕೆ ಒತ್ತಬೇಕಾದಲ್ಲಿ ಬೆರಳಿಟ್ಟೆ, ತೆಗೆದೆ. ಆ ಹುಡುಗಿ ನನಗೆ ಏನೋ ಹೇಳುತ್ತಿರಬಹುದು. ಕೇಳಬೇಕೆಂದಿದೆ, ಆದರೆ ತೆರೆದರೆ ನಿಂತುಹೋದೀತು. ಯಂತ್ರದಿಂದ ಅದನ್ನು ತೆಗೆದೇ ಇಲ್ಲ. ಅಂಗಡಿಯಲ್ಲೇ ಇದ್ದೇನೆ. ಈಗಷ್ಟೇ ನೋಡಿದೆ, ಮತ್ತೆ ಒಂದಿಷ್ಟು ಹೆಚ್ಚಾಗಿದೆ. ದೊಡ್ಡ ಚಿಪ್ ಅದು, ತುಂಬುವುದಕ್ಕೆ ವರ್ಷಗಟ್ಟಲೆ ಬೇಕು. ನಾನು ಮಲಗಿ ಆರು ದಿನವಾಯಿತು.